ಊರು ಬಿಟ್ಟು ತಂದ ಗುಳಿಗೆ

ರೋಗದ ಸುದ್ದಿ ಹೇಳಿಕೊಳ್ಳಲು ನಮ್ಮ ಕಡೆಯವರು ನಾಚುವುದಿಲ್ಲ. ಮೂಲವ್ಯಾಧಿಯಾದರೂ ಸರಿ, ಚಿಕ್ಕೋಡಿಯಲ್ಲಿ ಬಸ್ಸು ಹತ್ತಿದವರು ಪಕ್ಕದವರಿಗೆ ಪೂರ್ತಿ ವಿವರ ಕೊಟ್ಟೇ ಇಳಿಯುತ್ತಾರೆ. ಆದರೆ ಗಂಡಸಿಗೆ ಬರುವ ಒಂದು ತೊಂದರೆ ಇದೆ: ಮನಸ್ಸು ಮುಂದೆ ಹೋಗಿ ಮೈ ಹಿಂದೆ ಉಳಿಯುವುದು. ಅದರ ಗುಳಿಗೆಯನ್ನು ಯಾರೂ ತಮ್ಮ ಊರಿನಲ್ಲಿ ಕೊಳ್ಳುವುದಿಲ್ಲ. ಚಿಕ್ಕೋಡಿಯವನು ನಿಪ್ಪಾಣಿಗೆ ಹೋಗುತ್ತಾನೆ, ನಿಪ್ಪಾಣಿಯವನು ಕೊಲ್ಲಾಪುರಕ್ಕೆ, ಕಾಗವಾಡದವನು ಮಿರಜಿಗೆ. ಈ ಒಂದು ಕಾರಣದಿಂದ ಎಷ್ಟು ಬಸ್ಸುಗಳು ತುಂಬಿ ಓಡುತ್ತಿವೆಯೋ ದೇವರೇ ಬಲ್ಲ.

ಹತ್ತು ಹನ್ನೆರಡು ವರ್ಷದ ಹಿಂದೆ ನಾನೂ ಹೋದೆ. ಚಿಕ್ಕೋಡಿಯ ಕಾಲೇಜಿನಲ್ಲಿ ವಾಣಿಜ್ಯ ಕಲಿಸುವವನು ನಾನು. ನಿಪ್ಪಾಣಿಯ ಒಂದು ಔಷಧದ ಅಂಗಡಿಯ ಮುಂದೆ ಮೂರು ಸಲ ಅಡ್ಡಾಡಿ, ಗಿರಾಕಿಗಳು ಖಾಲಿಯಾದ ಮೇಲೆ ಒಳಗೆ ಹೋಗಿ ಮರಾಠಿಯಲ್ಲಿ ಕೇಳಿದೆ. ಭಾಷೆ ಬದಲಿಸಿದರೆ ಮುಖವೂ ಬದಲಾಗುತ್ತದೆ ಎಂದು ನನ್ನ ನಂಬಿಕೆ. ಅಂಗಡಿಯವನು ಕನ್ನಡದಲ್ಲೇ, "ಇಪ್ಪತ್ತೈದು ಎಂ.ಜಿ.ದು ಕೊಡ್ಲ್ಯೋ, ಐವತ್ತರದು ಕೊಡ್ಲ್ಯೋ ಸರ?" ಎಂದ. ನನ್ನ ಹಳೆಯ ವಿದ್ಯಾರ್ಥಿ. ಡಾಕ್ಟರ ಚೀಟಿ ಎಲ್ಲಿ ಎಂದು ಅವನು ಕೇಳಲೇ ಇಲ್ಲ. ಗುರುಭಕ್ತಿ ಅಡ್ಡ ಬಂದಿರಬೇಕು.

ಡಬ್ಬಿಯೊಳಗೆ ಎಂಟು ಮಡಿಕೆಯ ಒಂದು ಕಾಗದವಿತ್ತು, ಇರುವೆ ಗಾತ್ರದ ಇಂಗ್ಲಿಷಿನಲ್ಲಿ. ಕಲಿತವನ ಚಟ, ಭೂತಗನ್ನಡಿ ಹಿಡಿದು ಓದಿದೆ. ಗುಳಿಗೆ ಆಸೆಯನ್ನು ಹುಟ್ಟಿಸುವುದಿಲ್ಲ, ಇದ್ದ ಆಸೆಗೆ ರಕ್ತ ಹರಿಸಿ ಸಹಾಯ ಮಾಡುತ್ತದೆ. ಬಹಳ ಜನರಿಗೆ ಫಲ ಕೊಡುತ್ತದೆ, ಎಲ್ಲರಿಗೂ ಅಲ್ಲ. ಹೊಟ್ಟೆ ತುಂಬ ಉಂಡಿದ್ದರೆ ತಡವಾಗುತ್ತದೆ. ತಲೆನೋವು, ಮುಖ ಕೆಂಪಾಗುವುದು, ಕೆಲವರಿಗೆ ಲೋಕವೇ ತುಸು ನೀಲಿಯಾಗಿ ಕಾಣುವುದು. ಕೊನೆಗೆ ದಪ್ಪ ಅಕ್ಷರದಲ್ಲಿ: ಎದೆನೋವಿಗೆ ನಾಲಿಗೆಯ ಕೆಳಗೆ ಇಡುವ ನೈಟ್ರೇಟ್ ಗುಳಿಗೆಯ ಜೊತೆ ಇದು ಸೇರಕೂಡದು, ರಕ್ತದೊತ್ತಡ ಪಾತಾಳಕ್ಕೆ ಇಳಿದು ಜೀವ ಹೋಗಬಹುದು. ನನಗೆ ಎದೆನೋವು ಇರಲಿಲ್ಲ, ದಿನಕ್ಕೊಂದು ಬಿಪಿ ಗುಳಿಗೆ ನಡೆದಿತ್ತು ಅಷ್ಟೆ. ಮಡಚಿ ಇಟ್ಟೆ.

ಸದಲಗಾದ ಬಾಳಾಸಾಹೇಬ ನನ್ನ ಕಾಲೇಜಿನ ಗೆಳೆಯ. ಕಬ್ಬಿನ ಹೊಲ, ನಾಲ್ಕು ಎಮ್ಮೆ, ದೊಡ್ಡ ದನಿ. ಒಂದು ದಿನ ಆ ದೊಡ್ಡ ದನಿಯನ್ನು ಸಣ್ಣದು ಮಾಡಿ ತನ್ನ ಕಷ್ಟ ಹೇಳಿಕೊಂಡ. ನಾನು ಉದಾರಿಯಾಗಿ, ನಾಲ್ಕು ನೀಲಿ ಗುಳಿಗೆಯ ಪಟ್ಟಿಯನ್ನು ಕತ್ತರಿಯಿಂದ ನಡುವೆ ಕತ್ತರಿಸಿ ಎರಡನ್ನು ಕೊಟ್ಟೆ. ತಲೆನೋವಿನ ಗುಳಿಗೆಯನ್ನು ನಾವು ಹಂಚಿಕೊಳ್ಳುವುದು ಹೀಗೆಯೇ ತಾನೆ? ಕಾಗದ ಮಾತ್ರ ನನ್ನ ಬಳಿಯೇ ಉಳಿಯಿತು.

ಮುಂದಿನ ಭಾನುವಾರ ಬೆಳಿಗ್ಗೆ ಅವನ ಮನೆಗೆ ಹೋಗಿದ್ದೆ. ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟವನು ದಾರಿಯಲ್ಲಿ ನನ್ನ ಭುಜಕ್ಕೆ ಗುದ್ದಿ, "ಮಾಸ್ತರ, ನಿನ್ನ ಗುಳಿಗಿ ಸುಳ್ಳ ಅಲ್ಲ ನೋಡಪಾ. ನಿನ್ನೆ ತಗೊಂಡೆ" ಎಂದ. ನನಗೆ ಕುತೂಹಲ. ಎಷ್ಟು ಹೊತ್ತಿಗೆ ಗುಣ ತೋರಿತು, ತಲೆ ನೋಯಿತೇ ಎಂದು ಕೇಳುತ್ತಲೇ ಇದ್ದೆ. ಡೈರಿಯಲ್ಲಿ ಹಾಲು ಅಳೆದುಕೊಟ್ಟವನು ತಟ್ಟನೆ ಕಟ್ಟೆಯ ಮೇಲೆ ಕುಳಿತ. ಬೆವರು ಇಳಿಯುತ್ತಿತ್ತು, ಕೈ ಎದೆಯ ಮೇಲಿತ್ತು.

ಡೈರಿಯ ಕಾರ್ಯದರ್ಶಿ ಅಪ್ಪಾಸಾಬರು ಹೃದಯದ ರೋಗಿ. ಅಂಗಿಯ ಕಿಸೆಯಲ್ಲಿ ಸದಾ ಆ ನಾಲಿಗೆ ಕೆಳಗಿನ ಗುಳಿಗೆ ಇಟ್ಟುಕೊಂಡಿರುವವರು. ಎದೆ ಹಿಡಿದುಕೊಂಡವರಿಗೆಲ್ಲ ಅದನ್ನು ಕೊಡುವುದು ಅವರ ಸಮಾಜಸೇವೆ. "ಬಾಯಿ ತಗೀ ಬಾಳಾ, ನಾಲಿಗಿ ಎತ್ತು" ಎಂದರು. ಅವನು ಎತ್ತಿದ.

ಪಕ್ಕದಲ್ಲಿ ಅವನ ಹೆಂಡತಿಯ ಅಣ್ಣ ನಿಂತಿದ್ದ, ಸುತ್ತ ಹದಿನೈದು ಜನ. ಬಾಳಾಸಾಹೇಬ ನನ್ನನ್ನೇ ನೋಡುತ್ತಿದ್ದ. ಹೇಳಬೇಡ ಎಂಬ ನೋಟ. ಅವನಿಗೆ ಗೊತ್ತಿದ್ದುದು ಮರ್ಯಾದೆ ಹೋಗುವ ಸಂಗತಿ ಮಾತ್ರ. ಜೀವ ಹೋಗುವ ಸಂಗತಿ ಗೊತ್ತಿದ್ದವನು ನಾನೊಬ್ಬನೇ. ನಾನು ಏನು ಮಾಡಿದೆ ಎನ್ನುತ್ತೀರಿ? ಇದನ್ನು ಸಭ್ಯವಾಗಿ ಹೇಳುವುದು ಹೇಗೆ ಎಂದು ಯೋಚಿಸುತ್ತ ನಿಂತೆ. ಒಂದು ಪದ ಹುಡುಕುವಷ್ಟು ಹೊತ್ತು. ಅಷ್ಟರಲ್ಲಿ ಗುಳಿಗೆ ಅವನ ತುಟಿಯ ತನಕ ಬಂದಿತ್ತು. ಇಂದಿಗೂ ಹಲ್ಲುಜ್ಜುವಾಗ ಕನ್ನಡಿಯಲ್ಲಿ ಆ ತೆರೆದ ಬಾಯಿ ಕಾಣುತ್ತದೆ.

ಅಪ್ಪಾಸಾಬರ ಕೈ ಹಿಡಿದು ಜಗ್ಗಿದೆ. "ಬ್ಯಾಡ್ರಿ. ಅವ ನಿನ್ನೆ ಬ್ಯಾರೆ ಗುಳಿಗಿ ತಗೊಂಡಾನ. ಎರಡೂ ಕೂಡಿದ್ರ ಸಾಯ್ತಾನ."

"ಯಾವ ಗುಳಿಗಿ?" ಎಂದ ಹೆಂಡತಿಯ ಅಣ್ಣ.

ಮೂಲೆಯಲ್ಲಿ ತಂಬಾಕು ತಿಕ್ಕುತ್ತಿದ್ದ ಎಂಬತ್ತರ ದತ್ತೂ ಕಾಕಾ ತಲೆ ಎತ್ತದೆ ಕೇಳಿದರು: "ನೀಲಿದೇನ್ರಿ?"

ಯಾರೂ ನಗಲಿಲ್ಲ. ಹದಿನೈದು ಜನರಲ್ಲಿ ಒಬ್ಬನೂ ನೀಲಿ ಎಂದರೇನು ಎಂದು ಕೇಳಲಿಲ್ಲ. ಅಪ್ಪಾಸಾಬರು ಮಾತ್ರ ತಮ್ಮ ಕೈಯ ಗುಳಿಗೆಯನ್ನೇ ನೋಡುತ್ತ, "ಎರಡೂ ಕೂಡಬಾರದೇನ್ರಿ ಸರ?" ಎಂದು ಮೆಲ್ಲಗೆ ಕೇಳಿದರು. ಅವರ ಮುಖ ಬಾಳಾಸಾಹೇಬನ ಮುಖಕ್ಕಿಂತ ಹೆಚ್ಚು ಬಿಳಿಚಿಕೊಂಡಿತ್ತು.

ಜೀಪಿನಲ್ಲಿ ಚಿಕ್ಕೋಡಿಗೆ ಹೊತ್ತು ತಂದೆವು. ಡಾಕ್ಟರರಿಗೆ ಬಾಗಿಲಲ್ಲೇ ಎಲ್ಲವನ್ನೂ ಹೇಳಿದೆ. ಹದಿನೈದು ಜನರ ಮುಂದೆ ಹೇಳಿದವನಿಗೆ ಹದಿನಾರನೆಯವರ ಭಯವೇನು? ಅವರು ಬೇರೆ ಔಷಧ ಕೊಟ್ಟರು. ಸಣ್ಣ ಹೃದಯಾಘಾತ, ಬದುಕಿದ. ಆಮೇಲೆ ಡಾಕ್ಟರು ನನ್ನನ್ನು ಕೂಡಿಸಿಕೊಂಡು, "ಗುಳಿಗಿ ಕೆಟ್ಟದ್ದಲ್ರಿ. ಹಾರ್ಟು, ಬಿಪಿ ನೋಡಿ, ಉಳಿದ ಔಷಧ ಏನದಾವ ಕೇಳಿ ಕೊಟ್ರ ಬಹಳ ಮಂದಿಗೆ ಸುರಕ್ಷಿತ. ಕೆಲವ್ರಿಗೆ ಈ ತೊಂದರೀನೇ ಹೃದಯದ ಮೊದಲ್ನೆ ಸೂಚನಾ ಇರ್ತೈತಿ. ನಿಮ್ಮ ಗೆಳೆಯ ನಾಚಿಕಿ ಬಿಟ್ಟು ಬಂದಿದ್ರ ಅವತ್ತ ಗೊತ್ತಾಗ್ತಿತ್ತು. ಕತ್ತರಿಲೆ ಕತ್ತರಿಸಿ ಕೊಟ್ಟ ಆ ಡಾಕ್ಟರ್ ಯಾರಂತ ಗೊತ್ತಾಗ್ಲಿಲ್ಲ ನೋಡ್ರಿ" ಎಂದರು. ನಾನು ಗೋಡೆಯ ಮೇಲಿನ ಹೃದಯದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದೆ.

ಮನೆಗೆ ಬಂದು ತೀರ್ಮಾನಿಸಿದೆ: ನಾಳೆ ನಾನು ಬಿದ್ದರೆ ಡಾಕ್ಟರಿಗೆ ಹೇಳುವವರು ಒಬ್ಬರಾದರೂ ಇರಬೇಕು. ಹೆಂಡತಿಯನ್ನು ಕೂಡಿಸಿ, ಗಂಟಲು ಸರಿಮಾಡಿಕೊಂಡು, ನಿಪ್ಪಾಣಿಯಿಂದ ಆರಂಭಿಸಿದೆ. ಅವಳು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತ್ರಿ. ನಿಮ್ಮ ಅಂಗಿ ಒಗೀವಾಗ ಕಿಸೆದಾಗ ಸಿಕ್ಕಿತ್ತು. ಇಲ್ಲೇ ನಮ್ಮ ಲೇಡಿ ಡಾಕ್ಟರಿಗೆ ತೋರಿಸಿ, ನಮ್ಮನಿಯವರ ಬಿಪಿ ಗುಳಿಗಿ ಜೋಡಿ ಇದು ನಡೀತೈತೇನ್ರಿ ಅಂತ ಕೇಳಿದೆ."

"ಏನಂದ್ರು?" ಎಂದೆ.

"ನೋಡದ ಹ್ಯಾಂಗ ಹೇಳ್ಲಿ, ಕರ್ಕೊಂಡ ಬರ್ರಿ ಅಂದ್ರು. ನಾಳೆ ಹತ್ತಕ್ಕ ನಂಬರ ಹಚ್ಚೇನಿ. ರಜಾ ಚೀಟಿ ಬರದ ಇಡ್ರಿ."

ಬರೆಯಲು ಕುಳಿತೆ. ಕಾರಣ ಎಂಬ ಜಾಗದಲ್ಲಿ ಮೊದಲು 'ಕೆಮ್ಮು' ಎಂದು ಬರೆದು, ಹೊಡೆದುಹಾಕಿ, ಬಹಳ ಧೈರ್ಯ ಮಾಡಿ 'ವೈಯಕ್ತಿಕ' ಎಂದು ಬರೆದೆ.