ಪಾಸಾದದ್ದು ನಾನು, ನಡೆದದ್ದು ಅಮ್ಮ

ಪರೀಕ್ಷೆಯಲ್ಲಿ ಫೇಲಾದರೆ ಅದರ ಪೂರ್ತಿ ಹಕ್ಕು ಫೇಲಾದವರೊಬ್ಬರದೇ. ಪಾಸಾದರೆ ಮಾತ್ರ ಪಾಲುದಾರರು ಸಾಲುಗಟ್ಟಿ ಬರುತ್ತಾರೆ. ನಾನು ಬಿ.ಕಾಂ. ಮುಗಿಸಿದಾಗ, ಹೈಸ್ಕೂಲಿನಲ್ಲಿ ಒಮ್ಮೆ ಪೆನ್ನು ಕೊಟ್ಟ ಮೇಷ್ಟ್ರಿಂದ ಹಿಡಿದು, ನಾನು ಓಡಿ ಬರುವುದನ್ನು ಕಂಡು ಅರೆಗಳಿಗೆ ಬಸ್ಸು ನಿಲ್ಲಿಸುತ್ತಿದ್ದ ಕಂಡಕ್ಟರರ ತನಕ ಎಲ್ಲರೂ ತಮ್ಮಿಂದಲೇ ನಾನು ಪಾಸಾದೆ ಎಂದರು. ನಮ್ಮ ಮನೆತನದಲ್ಲಿ ಡಿಗ್ರಿಯ ಮುಖ ಕಂಡವಳು ನಾನೇ ಮೊದಲು. ಹಾಗಾಗಿ ಮನಸ್ಸಿಲ್ಲದಿದ್ದರೂ ಎಲ್ಲರಿಗೂ ಚೂರು ಚೂರು ಹಂಚಿದೆ. ಅಷ್ಟು ಹೊತ್ತಿಗಾಗಲೇ ದೊಡ್ಡ ಪಾಲು ಕೊಲ್ಲೂರಿನ ದೇವಿಯ ಹೆಸರಿಗೆ ಬರೆದಾಗಿದೆ ಎಂಬುದು ನನಗೆ ಗೊತ್ತಿರಲಿಲ್ಲ.

ಬರೆದವಳು ನನ್ನ ಅಮ್ಮ. ಕೊನೆಯ ವರ್ಷದ ಕಾಸ್ಟ್ ಅಕೌಂಟಿಂಗ್ ಪೇಪರಿನಲ್ಲಿ ನಾನು ಎರಡನೇ ಸಲ ಮುಗ್ಗರಿಸಿದ ದಿನ, ಅವಳು ಕೆಲಸ ಮಾಡುತ್ತಿದ್ದ ಗೇರುಬೀಜದ ಫ್ಯಾಕ್ಟರಿಯಲ್ಲೇ ಕೂತಲ್ಲಿಂದ ಮೂಡು ದಿಕ್ಕಿಗೆ ತಿರುಗಿ, "ಕೊಲ್ಲೂರಮ್ಮ, ಈ ಹೆಣ್ಣ್ ಒಂದ್ ಪಾಸಾಯ್ಲಿ, ನಾ ಮನಿ ಬಾಗ್ಲಿಂದ ನಿನ್ ಬಾಗ್ಲಿಗೆ ನಡ್ಕಂಡೇ ಬತ್ತೆ" ಎಂದು ಕೈಮುಗಿದಳಂತೆ. ಮೂರನೇ ಸಲ ನಾನು ಪಾಸಾದೆ. ಹರಕೆಯ ವಿಷಯ ತಿಳಿದಾಗ ನನಗೆ ಸಿಟ್ಟೇ ಬಂತು. ಸೀಮೆಎಣ್ಣೆ ಬುಡ್ಡಿಯ ಎದುರು ಹುಬ್ಬು ಸುಟ್ಟುಕೊಂಡು ಓದಿದವಳು ನಾನು, ಹೆಸರು ದೇವರಿಗೆ. "ನಾ ಓದಿ ಪಾಸಾದ್ದ್ ಅಮ್ಮ" ಎಂದೆ. ಅಮ್ಮ ಮೀನು ಕೊಯ್ಯುತ್ತಿದ್ದವಳು ತಲೆ ಎತ್ತಲೇ ಇಲ್ಲ. "ಎರಡ್ ಸಲ ಫೇಲಾದ್ದೂ ನೀನೇ ಓದಿ ಅಲ್ದಾ?" ಎಂದಳು.

ಆಮೇಲೆ ಒಂದು ವರ್ಷ ಅವಳ ಮಂಡಿ ನೋವು, ಒಂದು ವರ್ಷ ನನ್ನ ಮದುವೆ, ಮತ್ತೊಂದು ವರ್ಷ ನನ್ನ ಬಾಣಂತನ ಎಂದು ಹರಕೆ ಹತ್ತು ವರ್ಷಕ್ಕೂ ಮೇಲೆ ಮುಂದಕ್ಕೆ ಹೋಗುತ್ತಲೇ ಬಂತು. ಈ ವರ್ಷ ಅಮ್ಮ, "ಇನ್ನ್ ತಡ ಮಾಡ್ರೆ ಕಾಲ್ ನನ್ ಮಾತ್ ಕೇಂತಿಲ್ಲೆ" ಎಂದು ಖಂಡಿತ ಮಾಡಿದಳು. ಒಬ್ಬಳನ್ನೇ ಕಳಿಸುವುದು ಹೇಗೆ? ನಾನೂ ಹೊರಟೆ. ಹರಕೆ ಅವಳದು, ನಾನು ಬರಿಯ ಜೊತೆ. ನಾನು ಬ್ರಹ್ಮಾವರದ ಒಂದು ಸಹಕಾರಿ ಸಂಘದಲ್ಲಿ ಕ್ಲರ್ಕು. ಮಾರ್ಚಿನ ಲೆಕ್ಕ, ಆಮೇಲೆ ಆಡಿಟ್ಟು, ಎಲ್ಲ ಮುಗಿದು ರಜೆ ಸಿಕ್ಕಿದ್ದು ಮೇ ತಿಂಗಳಲ್ಲಿ. ನಮ್ಮ ಊರಲ್ಲಿ ಚಳಿಗಾಲ ಎಂಬುದೂ ಒಂದಿದೆ ಎಂದು ದೇವಿಗೆ ಗೊತ್ತು, ನಮ್ಮ ಮ್ಯಾನೇಜರರಿಗೆ ಗೊತ್ತಿಲ್ಲ.

ಬೀಜಾಡಿಯ ನಮ್ಮ ಮನೆಯಿಂದ ಬೆಳಕು ಹರಿಯುವ ಮೊದಲೇ ಹೊರಟೆವು. ಮೊದಲ ದಿನ ವಂಡ್ಸೆಯ ನೆಂಟರ ಮನೆ, ಮರುದಿನ ಕೊಲ್ಲೂರು. ನನ್ನ ಬೆನ್ನಿಗೆ ಚೀಲ, ತಲೆಗೆ ಟೊಪ್ಪಿ, ಮುಖಕ್ಕೆ ಬಿಸಿಲಿನ ಕ್ರೀಮು, ಕಾಲಿಗೆ ಹೊಸ ಬೂಟು. ಅಮ್ಮನ ಕಾಲಿಗೆ ಹವಾಯಿ ಚಪ್ಪಲಿ, ತಲೆಗೆ ಒದ್ದೆ ಟವೆಲು, ನಮ್ಮ ಕಡೆಯ ಬೈರಾಸು. ಸೀರೆಯನ್ನು ಒಂದು ಗೇಣು ಎತ್ತಿ ಸಿಕ್ಕಿಸಿಕೊಂಡು ಅವಳು ನಡೆಯುವುದನ್ನು ನೋಡಬೇಕು. ಕಾಲು ಎತ್ತಿದ್ದೇ ಕಾಣುವುದಿಲ್ಲ, ದೂರ ಮಾತ್ರ ಕರಗುತ್ತದೆ. ಕುಂದಾಪುರ ದಾಟುವಾಗ ನನ್ನ ಉಸಿರು ನನಗೇ ಕೇಳುತ್ತಿತ್ತು. ಅವಳು ನಡೆಯುತ್ತ ಮಾತಾಡುತ್ತಿದ್ದಳು, ಮಾತಾಡುತ್ತ ಎಲೆ ಅಡಿಕೆ ಹಾಕುತ್ತಿದ್ದಳು, ಸೇತುವೆಯ ಮೇಲೆ ನಿಂತು ಹೊಳೆಯಲ್ಲಿ ಬಲೆ ಬೀಸುವವನಿಗೆ "ಎಂತ ಸಿಕ್ತಾ?" ಎಂದು ಕೂಗಿ ಉತ್ತರವನ್ನೂ ಪಡೆದಳು.

ನಮ್ಮ ಕಡೆ ಪಾದಯಾತ್ರೆಗೆ ಇರುವ ದೊಡ್ಡ ಅಡ್ಡಿ ಬಿಸಿಲಲ್ಲ, ಜನರ ಒಳ್ಳೆಯತನ. ಗುರುತಿನವರು ರಸ್ತೆಯಲ್ಲಿ ನಡೆಯುವುದನ್ನು ನಮ್ಮವರಿಗೆ ನೋಡಲಾಗುವುದಿಲ್ಲ. ಬಸ್ಸುಗಳು ನಿಂತವು, ಸ್ಕೂಟರುಗಳು ನಿಂತವು, ಐಸು ತುಂಬಿದ ಒಂದು ಮೀನಿನ ಟೆಂಪೊ ಕೂಡ ನಿಂತು, "ಹ್ವಾಯ್ ಅಮ್ಮ, ಹತ್ತಿ, ತಂಪಂಗೆ ಹೋಪ" ಎಂದಿತು. ಬೇಡ ಎಂದರೆ ಅವರಿಗೆ ಬೇಸರ. ಬೇಸರ ಆಗಬಾರದೆಂದು ಅಮ್ಮ ಕಾರಣ ಹೇಳುತ್ತಿದ್ದಳು. "ನಮ್ ಹೆಣ್ಣ್ ಡಿಗ್ರಿ ಪಾಸಾದ್ದ್ಕೆ ಹರಕೆ." ಅವರ ಕಣ್ಣು ನನ್ನತ್ತ ತಿರುಗುತ್ತಿತ್ತು. ಟೊಪ್ಪಿಯ ಕೆಳಗೆ ಕಿವಿಯ ಹತ್ತಿರ ನನ್ನ ಬಿಳಿ ಕೂದಲು ಅವರಿಗೆ ಚೆನ್ನಾಗಿ ಕಾಣುತ್ತಿತ್ತು. ಹೆಮ್ಮಾಡಿಯಲ್ಲಿ ಬಲಕ್ಕೆ ತಿರುಗಿ ಕೊಲ್ಲೂರಿನ ರಸ್ತೆ ಹಿಡಿದ ಮೇಲೆ, ಬೆಲ್ಲ ನೀರು ಕೊಟ್ಟ ಒಬ್ಬ ಅಜ್ಜಿಯಂತೂ ನನ್ನ ಕೈ ಹಿಡಿದು, "ಈ ವರ್ಷ ಪಾಸಾದ್ದಾ ಮಗಾ? ಅಡ್ಡಿಲ್ಲೆ, ತಡ ಆರೂ ಬಿಡ್ಲಿಲ್ಲೆ ಅಲ್ದಾ" ಎಂದು ಕಣ್ಣು ಒರೆಸಿಕೊಂಡರು. ಹತ್ತು ವರ್ಷದ ಮೇಲಾಯಿತು ಎಂದು ಹೇಳಲು ಬಾಯಿ ತೆರೆದೆ. ಅಮ್ಮ ಚಿವುಟಿದಳು. ಹರಕೆ ತಡವಾದ ಸುದ್ದಿ ಊರಿಗೆ ಯಾಕೆ ಎಂದು ಅವಳ ಲೆಕ್ಕ. ನಾನು ಈ ವರ್ಷವೇ ಪಾಸಾದವಳಾಗಿ ಮುಂದೆ ನಡೆದೆ.

ಹಟ್ಟಿಯಂಗಡಿಗೆ ಹೋಗುವ ಬೋರ್ಡು ದಾಟಿದ ಮೇಲೆ ಬಿಸಿಲು ನಿಜವಾಗಿ ಏರಿತು. ಟಾರು ಮೆತ್ತಗಾಗಿ ಬೂಟಿಗೆ ಅಂಟುತ್ತಿತ್ತು. ಗಾಳಿ ಇತ್ತು, ಆದರೆ ಒಲೆಯ ಬಾಯಿಂದ ಬಂದಂತಿತ್ತು. ಅಮ್ಮನ ಮಾತು ನಿಂತಿತು. ಅವಳ ಮಾತು ನಿಂತರೆ ಹೆದರಬೇಕೆಂದು ನನಗೆ ಹುಟ್ಟಿನಿಂದ ಗೊತ್ತು. ನೋಡಿದರೆ ಮುಖ ಕೆಂಪಾಗಿದೆ, ಮೀನಖಂಡ ಹಿಡಿದುಕೊಂಡಿದೆ. ರಸ್ತೆ ಬದಿಯ ಒಂದು ಗೇರು ಮರದ ಬುಡದಲ್ಲಿ ಕೂತುಬಿಟ್ಟಳು. "ಆಟೋ ಮಾಡ್ತೆ, ಸಾಕ್" ಎಂದೆ. "ನಿನ್ನಪ್ಪನ್ ಆಣೆ, ಆಟೋ ತಂದ್ರೆ ನಾ ತೆವಳ್ಕಂಡ್ ಹೋತೆ" ಎಂದಳು.

ಆಗಲೇ ಒಂದು ಬಿಳಿ ಕಾರು ಬಂದು ನಿಂತದ್ದು. ಇಳಿದವನು ಭೋಜಣ್ಣ, ನನ್ನ ದೊಡ್ಡಮ್ಮನ ಮಗ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮುಂಬಯಿಗೆ ಹೋಗಿ, ಹೋಟೆಲಿನಲ್ಲಿ ಲೋಟ ತೊಳೆದು, ಈಗ ಸ್ವಂತ ಹೋಟೆಲು ನಡೆಸುವವನು. ರಜೆಗೆ ಊರಿಗೆ ಬಂದಿದ್ದ. ಸಂಗತಿ ಕೇಳಿ, "ಅರೇ, ಡಿಗ್ರಿ ಮಾಡ್ರೆ ಇಷ್ಟೆಲ್ಲ ನಡೀಕಾ? ನಾ ಏಳಕ್ಕೇ ಬಿಟ್ಟದ್ದ್ ಒಳ್ಳೇದಾಯ್ತ್ ಮಾರಾಯ್ತಿ" ಎಂದ. ಅಮ್ಮ ನಗಲಿಲ್ಲ. ಅವನಿಗೂ ಹೆದರಿಕೆಯಾಯಿತು. "ಚಿಕ್ಕಿ, ಕಾರ್ ನಿಂತಲ್ಲೇ ಇರ್ಲಿ. ಒಳಗ್ ಕೂಕೊ, ಏಸಿ ಹಾಕ್ತೆ. ಚಕ್ರ ತಿರ್ಗುದಿಲ್ಲೆ. ಚಕ್ರ ತಿರ್ಗ್ದಿರೆ ಅದ್ ಗಾಡಿ ಅಲ್ಲ, ಮನಿ" ಎಂದ. ಅಮ್ಮ ನನ್ನ ಮುಖ ನೋಡಿದಳು. ಓದಿದವಳಲ್ಲವೇ, ತೀರ್ಪು ನನ್ನದು. ನಿಂತ ಕಾರು ಮನೆಗೆ ಸಮ ಎಂದು ಕೂಡಲೇ ತೀರ್ಪು ಕೊಟ್ಟೆ. ಅಮ್ಮ ಹಿಂದಿನ ಸೀಟಿನಲ್ಲಿ ಕೂತು, ನನ್ನ ಬಾಟಲಿಯ ನೀರು ಪೂರ್ತಿ ಕುಡಿದು, ತಲೆ ಒರಗಿಸಿದ್ದೇ ನಿದ್ದೆ ಹೋದಳು.

ಬಾಟಲಿ ತುಂಬಿಸಲೆಂದು ನಾನು ರಸ್ತೆಯಿಂದ ಒಳಗಿದ್ದ ಒಂದು ಮನೆಗೆ ಹೋದೆ. ಆ ಮನೆಯಾಕೆ ಮಜ್ಜಿಗೆ ಕುಡಿಸದೆ ಬಿಡಲಿಲ್ಲ. ಕುಡಿದು ಹೊರಗೆ ಬಂದರೆ ಗೇರು ಮರ ಇದೆ, ಕಾರಿಲ್ಲ. ಅಮ್ಮನಿಗೆ ಏನಾದರೂ ಆಗಿ ಆಸ್ಪತ್ರೆಗೆ ಒಯ್ದನೇ ಎಂದು ಫೋನು ಮಾಡಿದೆ. ಭೋಜಣ್ಣನ ಫೋನು ರಿಂಗಾಗುತ್ತದೆ, ಎತ್ತುವವರಿಲ್ಲ. ಟೊಪ್ಪಿ ಕೈಯಲ್ಲಿ ಹಿಡಿದು ಓಡಿದೆ, ಆಮೇಲೆ ನಡೆದೆ, ಆಮೇಲೆ ಕಾಲೆಳೆದೆ. ಎರಡು ತಿರುವು, ಒಂದು ಏರು ಕಳೆದ ಮೇಲೆ ದೊಡ್ಡ ಮಾವಿನ ಮರದ ಕೆಳಗೆ ಬಿಳಿ ಕಾರು ಕಂಡಿತು. ಭೋಜಣ್ಣ ಹೊರಗೆ ನಿಂತು ಬೀಡಾ ಜಗಿಯುತ್ತಿದ್ದ. "ಅಲ್ಲಿ ಬಿಸ್ಲ್ ತಿರ್ಗ್ತ್ ಹೆಣೇ. ಕಾರ್ ಕಾದ್ ಏಸಿ ಹಿಡೀತಿಲ್ಲೆ. ಒಂಚೂರ್ ನೆಳ್ಳ್ ಹುಡ್ಕಂಡ್ ಬಂದೆ. ಎಲ್ಲಿತ್ತ್ ಈ ರೋಡಂಗೆ ನೆಳ್ಳ್? ಇಲ್ಲಿ ತನಕ ಬರ್ಕಾಯ್ತ್" ಎಂದ. ನಾನು ಬೈಯುವ ಮೊದಲೇ ಅಮ್ಮನಿಗೆ ಎಚ್ಚರವಾಯಿತು. ಕಿಟಕಿಯಿಂದ ಮೇಲೆ ನೋಡಿದಳು. "ನಾ ಕೂತದ್ದ್ ಗೇರ್ ಮರದ್ ಬುಡದಂಗೆ. ಈ ಮಾವಿನ್ ಮರ ಎಲ್ಲಿಂದ ಬಂತ್?" ಭೋಜಣ್ಣ ನನ್ನ ಮುಖ ನೋಡಿದ. ಮೂವತ್ತು ವರ್ಷ ಗೇರುಬೀಜ ಒಡೆದವಳಿಗೆ ಮಾವಿನ ಮರವನ್ನು ಗೇರು ಎಂದು ನಂಬಿಸುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಅಮ್ಮ ಬೈಯುತ್ತಾಳೆಂದು ಕಾದೆವು. ಬೈಯಲಿಲ್ಲ. ಸೆರಗು ಬಾಯಿಗಿಟ್ಟು ಅತ್ತಳು. ಅಮ್ಮ ಅತ್ತದ್ದನ್ನು ನಾನು ಹೆಚ್ಚು ಕಂಡವಳಲ್ಲ. "ಇಷ್ಟ್ ದೂರ ಗಾಡಿಯಂಗೆ ಬಂದೆ ಅಲ್ದಾ. ಇನ್ನ್ ನನ್ ಹೆಣ್ಣಿನ್ ಡಿಗ್ರಿಗೆ ಎಂತಾರೂ ಆರೆ?" ಎಂದಳು. ನಾನು ಕಾರಿನ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ವಿವರಿಸಿದೆ. ಸರ್ಟಿಫಿಕೇಟು ಕಪಾಟಿನಲ್ಲಿದೆ, ಲ್ಯಾಮಿನೇಷನ್ ಮಾಡಿಸಿದೆ, ಅದರ ಮೇಲೆ ಕೆಲಸ ಸಿಕ್ಕಿ ಪ್ರಮೋಷನ್ನೂ ಆಗಿದೆ, ಇನ್ನು ಅದನ್ನು ಯಾರೂ ಕಿತ್ತುಕೊಳ್ಳಲಾರರು ಎಂದೆಲ್ಲ ಹೇಳಿದೆ. "ಕೊಟ್ಟವ್ಳಿಗೆ ತೆಕ್ಕಂಬ್ಕೆ ಎಷ್ಟೊತ್ತ್?" ಎಂದಳು ಅಮ್ಮ. ಮತ್ತೆ ಮೂಗು ಒರೆಸಿಕೊಂಡು, "ಭೋಜ, ಕಾರ್ ತಿರ್ಗ್ಸ್. ಆ ಗೇರ್ ಮರದ್ ಬುಡಕ್ಕೆ ಬಿಡ್" ಎಂದಳು.

ನನ್ನೊಳಗಿನ ಕ್ಲರ್ಕು ಸುಮ್ಮನಿರಲಿಲ್ಲ. "ಹಿಂದೆ ಹೋಪುಕೂ ಕಾರೇ ಅಲ್ದಾ ಅಮ್ಮ? ಅದೂ ಗಾಡಿ ಹತ್ತಿದ ಹಾಂಗೇ ಆಯ್ತಲ್ಲ?" ಎಂದೆ. ಅಮ್ಮ ನನ್ನನ್ನು ಕರುಣೆಯಿಂದ ನೋಡಿದಳು. "ನಾ ಹರಕೆ ಹೊತ್ತದ್ದ್ ಕೊಲ್ಲೂರಿಗ್ ಹೋಪ್ಕೆ. ಕುಂದಾಪ್ರಕ್ ಹೋಪ್ಕಲ್ಲ." ಭೋಜಣ್ಣ ಸ್ಟೇರಿಂಗ್ ಮೇಲೆ ತಲೆಯಿಟ್ಟು ನಕ್ಕ. ಇಂಥ ತಲೆ ತನ್ನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರೆ ಇಷ್ಟೊತ್ತಿಗೆ ನಾಲ್ಕು ಬ್ರಾಂಚು ಆಗುತ್ತಿತ್ತು ಎಂದ.

ಗೇರು ಮರದ ಬುಡದಲ್ಲಿ ಅಮ್ಮ ಇಳಿದಳು. ಎಳನೀರು ಕುಡಿಸಿದೆವು. ಬಿಸಿಲು ಸ್ವಲ್ಪವೂ ಇಳಿದಿರಲಿಲ್ಲ. ಆದರೆ ಅಮ್ಮನ ಮುಖಕ್ಕೆ ಕಳೆ ಬಂದಿತ್ತು. ಮರದ ಕಾಂಡ ಮುಟ್ಟಿ ಕೈಮುಗಿದು, ಬೈರಾಸು ಮತ್ತೆ ಒದ್ದೆ ಮಾಡಿ ತಲೆಗೆ ಹಾಕಿಕೊಂಡು, ಹಿಡಿದುಕೊಂಡ ಕಾಲನ್ನು ಒಮ್ಮೆ ಒದರಿ, ಅದೇ ರಸ್ತೆಯನ್ನು ಹೊಸತಾಗಿ ಶುರು ಮಾಡಿದಳು. ನನ್ನ ಸಂಘದಲ್ಲಿ ಹತ್ತು ರೂಪಾಯಿ ವ್ಯತ್ಯಾಸ ಬಂದರೆ ಮೇಲಿಂದ ಸರಿಮಾಡಿ ಮನೆಗೆ ಹೋಗುವವರನ್ನು ನಾನು ದಿನಾ ನೋಡುತ್ತೇನೆ. ಯಾರೂ ಕಾಣದ ಎರಡು ತಿರುವು, ಒಂದು ಏರಿಗಾಗಿ ಈ ಹೆಂಗಸು ಕೆಂಡದಂಥ ಬಿಸಿಲಿಗೆ ತಿರುಗಿ ಇಳಿದಿದ್ದಾಳೆ. ನನಗೆ ಕೈಮುಗಿಯಬೇಕೆನಿಸಿತು. ಆದರೆ ಅಮ್ಮಂದಿರಿಗೆ ರಸ್ತೆಯಲ್ಲಿ ಕೈಮುಗಿದರೆ ಅವರು ಜ್ವರ ಬಂತೋ ಎಂದು ಹಣೆ ಮುಟ್ಟುತ್ತಾರೆ.

ಅವಳೇ ತಿರುಗಿ, "ನೀ ಕಾರಂಗೆ ಕೂಕೊ. ನೀ ಈ ರೋಡ್ ಒಂದ್ ಸಲ ನಡ್ದಾಯ್ತಲೆ. ಹರಕೆಯೂ ನಿಂಗಿಲ್ಲೆ" ಎಂದಳು. ಮಾತು ಸರಿಯೇ. ಕೂತೆ. ಏಸಿಯ ಗಾಳಿ ಮುಖಕ್ಕೆ ಬಡಿದಾಗ ಕಣ್ಣು ಮುಚ್ಚಿಹೋಯಿತು. ಅಮ್ಮ ಮುಂದೆ ನಡೆಯುತ್ತಿದ್ದಳು, ಭೋಜಣ್ಣ ಅವಳ ಹಿಂದೆ ಆಮೆಯಂತೆ ಕಾರು ಬಿಡುತ್ತಿದ್ದ. "ಹೆಣೇ, ಚಿಕ್ಕಿಗೆ ಕೇಂತಿಲ್ಲೆ. ಖರೇ ಹೇಳ್ ಕಾಂಬ. ನೀ ಓದಿ ಪಾಸಾದ್ದಾ, ಕೊಲ್ಲೂರಮ್ಮ ಮಾಡ್ಸಿದ್ದಾ?" ಎಂದ.

"ನಾನೇ ಓದಿ..." ಎಂದು ಶುರು ಮಾಡಿದೆ. ಆ ಮೂರನೇ ಸಲದ ಪರೀಕ್ಷೆ ಕಣ್ಣೆದುರು ಬಂತು. ಕೊನೆಯ ದೊಡ್ಡ ಲೆಕ್ಕದ ಎರಡು ಬದಿ ತಾಳೆಯಾಗಿರಲಿಲ್ಲ. ಗಂಟೆ ಹೊಡೆಯಿತು, ಅರ್ಧಕ್ಕೆ ಬಿಟ್ಟು ಪೇಪರು ಕೊಟ್ಟು ಬಂದಿದ್ದೆ. ಆದರೂ ಪಾಸಿಗೆ ಎಷ್ಟು ಬೇಕೋ ಅಷ್ಟೇ ಅಂಕ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅದು ಹೇಗೆ ಬಂತೆಂದು ನಾನು ಈವರೆಗೆ ಯಾರನ್ನೂ ಕೇಳಿಲ್ಲ.

"ಭೋಜಣ್ಣ, ಕಾರ್ ನಿಲ್ಲಿಸ್" ಎಂದೆ. ಇಳಿದು ಓಡಿ ಅಮ್ಮನನ್ನು ಸೇರಿಕೊಂಡೆ. ಯಾಕೆ ಇಳಿದೆ ಎಂದು ಅವಳು ಕೇಳಿದ್ದಕ್ಕೆ, ಏಸಿ ನನಗೆ ಆಗುವುದಿಲ್ಲ ಎಂದೆ. ನನ್ನ ಡಿಗ್ರಿ ನಾನು ಓದಿ ಪಡೆದದ್ದು, ಅದರಲ್ಲಿ ನನಗೆ ಈಗಲೂ ಸಂಶಯವಿಲ್ಲ. ಮರುಮೌಲ್ಯಮಾಪನ ಮಾತ್ರ ಬೇಡ.