ಬಲಕ್ಕೇ ತಿರುಗುವ ಕಾಕುವಿನ ಕ್ಯಾಂಪರ್ ಯಾತ್ರೆ

ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಎಡಕ್ಕೆ ತಿರುಗುವುದಿಲ್ಲ. ರಾಜಕೀಯ ಹೇಳುತ್ತಿಲ್ಲ, ಕಾರಿನ ವಿಷಯ ಹೇಳುತ್ತಿದ್ದೇನೆ. ಕೆನಡಾದಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ, ಎಡಕ್ಕೆ ತಿರುಗಬೇಕೆಂದರೆ ಎದುರಿನ ಸಾಲನ್ನು ಅಡ್ಡ ದಾಟಬೇಕು. ಲೈಸೆನ್ಸ್ ಸಿಕ್ಕ ಹೊಸದರಲ್ಲಿ ಒಮ್ಮೆ ಯಂಗ್ ಸ್ಟ್ರೀಟಿನ ನಟ್ಟನಡುವೆ ಎಡಗಡೆಯ ಇಂಡಿಕೇಟರ್ ಹಾಕಿಕೊಂಡು ನಿಂತಳಂತೆ. ಎದುರಿನಿಂದ ಬರುವವರೆಲ್ಲ ಹೋಗಲಿ, ಆಮೇಲೆ ತಿರುಗೋಣ ಎಂಬ ಸಭ್ಯತೆ. ಯಂಗ್ ಸ್ಟ್ರೀಟಿನಲ್ಲಿ ಬರುವವರು ಎಲ್ಲಾದರೂ ಮುಗಿಯುತ್ತಾರೆಯೇ? ಸಿಗ್ನಲ್ ಹಳದಿಯಾಯಿತು, ಕೆಂಪಾಯಿತು, ನಾಲ್ಕೂ ದಿಕ್ಕಿನಿಂದ ಹಾರ್ನು! ಅಂದು ಮನೆಗೆ ಬಂದು ಒಂದು ತಂಬಿಗೆ ನೀರು ಕುಡಿದು, ಇನ್ನು ಈ ಜನ್ಮದಲ್ಲಿ ಎಡಕ್ಕೆ ಹೊರಳುವುದಿಲ್ಲ ಎಂದು ತೀರ್ಮಾನಿಸಿದಳು.

ನಾನು ಕಾಲೇಜು ಓದಲು ಬಂದು, ರಿಚ್ಮಂಡ್ ಹಿಲ್‌ನಲ್ಲಿ ಕಾಕಾ-ಕಾಕುವಿನ ಮನೆಯ ಬೇಸ್‌ಮೆಂಟಿನಲ್ಲಿ ಉಳಿದುಕೊಂಡ ಹುಡುಗಿ. ಮೊದಲ ಶನಿವಾರವೇ ಕಾಕು ನನ್ನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋದಳು. ದೇವಸ್ಥಾನ ಎಡಗಡೆ ಕಾಣಿಸಿತು. ಕಾರು ಅದನ್ನು ದಾಟಿ ಮುಂದೆ ಹೋಯಿತು. ಬಲಕ್ಕೆ ತಿರುಗಿತು, ಯಾರದೋ ಬಡಾವಣೆ ಸುತ್ತಿತು, ಮತ್ತೆ ಬಲ, ಮತ್ತೊಂದು ಬಲ.

"ಕಾಕು, ಗುಡಿ ಅಲ್ಲೇ ಹಿಂದ ಉಳೀತಲ್ಲ?" ಎಂದೆ.

"ಪ್ರದಕ್ಷಿಣಿ ಹಾಕದ ಒಳಗ ಹೋಗ್ತಾರೇನ?" ಎಂದಳು.

ಗುಡಿಯೊಂದೇ ಆಗಿದ್ದರೆ ಒಪ್ಪಬಹುದಿತ್ತು. ಆದರೆ ಕಾಕು ಹಾಲಿನ ಅಂಗಡಿಗೂ ಪ್ರದಕ್ಷಿಣೆ ಹಾಕುತ್ತಿದ್ದಳು, ದಂತವೈದ್ಯರಿಗೂ ಹಾಕುತ್ತಿದ್ದಳು.

ಇಂಥ ಕಾಕುವಿಗೆ ದೇಶದ ತುಂಬ ಗೆಳತಿಯರು. ಯಾರನ್ನೂ ಕಣ್ಣಾರೆ ಕಂಡಿಲ್ಲ. ಹಂಟ್ಸ್‌ವಿಲ್, ವಿನ್ನಿಪೆಗ್, ರಿಜೈನಾ, ಕ್ಯಾಲ್ಗರಿ, ಹೀಗೆ ಊರಿಗೊಬ್ಬರು. ಎಲ್ಲರೂ ನಮ್ಮ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಕಡೆಯವರೇ. ಫೇಸ್‌ಬುಕ್ಕಿನಲ್ಲಿ ಪರಿಚಯವಾಗಿ, ಪ್ರತಿ ಸೋಮವಾರ ವಿಡಿಯೋ ಕಾಲಿನಲ್ಲಿ ಭಜನೆ ಮಾಡುತ್ತಿದ್ದರು. ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ ಕಾಕು ಮುಂದಾಳಾಗಿ ಹಾಡುವಳು, ಉಳಿದವರು ಹಿಂದೆ ಹೇಳಬೇಕು. ಆದರೆ ಒಬ್ಬರ ದನಿ ಇನ್ನೊಬ್ಬರಿಗೆ ಮುಟ್ಟುವಷ್ಟರಲ್ಲಿ ಹಾಡು ಮುಂದಿನ ಸಾಲಿಗೆ ಹೋಗಿರುತ್ತಿತ್ತು. ಐದು ಜನ ಹಾಡಿದರೆ ಐದು ಹಾಡು!

"ಅಕ್ಕಾರ, ಮತ್ತ ತಾಳಾ ತಪ್ಪಿದ್ರಿ!" ಎಂದು ಕಾಕು ಹಂಟ್ಸ್‌ವಿಲ್ಲಿನವರ ಮೇಲೆ ರೇಗುವಳು. ಅವರು ಎಲ್ಲರಿಗಿಂತ ಹಿರಿಯರು, ಬೆಳಗಾವಿಯವರು.

"ನಾ ಎಲ್ಲಿ ತಪ್ಪೀನಿ? ನೀನ ಓಡ್ಲಿಕತ್ತೀದಿ ತಂಗೀ."

"ಕಾಕು, ಯಾರದೂ ತಪ್ಪಿಲ್ಲ. ನೆಟ್‌ನಾಗ ದನಿ ತಡಾ ಆಗಿ ಬರ್ತದ," ಎಂದು ನಾನು ನಡುವೆ ಬಾಯಿ ಹಾಕಿದೆ.

"ನನ್ನ ದನಿ ತಡಾ ಆಗಂಗಿಲ್ಲ, ಅವರದಷ್ಟ ಯಾಕ ಆಗ್ತದ?" ಎಂದು ಕೇಳಿ ಕಾಕು ನನ್ನ ಬಾಯಿ ಮುಚ್ಚಿಸಿದಳು. ಕೊನೆಗೆ ಕಾಕು ಒಬ್ಬಳೇ ಹಾಡುವುದು, ಮಿಕ್ಕವರು ಮ್ಯೂಟ್ ಮಾಡಿಕೊಂಡು ಬಾಯಾಡಿಸುವುದು ಎಂದು ರಾಜಿಯಾಯಿತು. ಹೀಗೆ ನಮ್ಮ ಭಜನಾ ಮಂಡಳಿಯಲ್ಲಿ ಯಾರೂ ಯಾರ ದನಿಯ ಜೊತೆಗೂ ದನಿ ಸೇರಿಸಿ ಹಾಡಿದ್ದೇ ಇಲ್ಲ.

೨೦೧೭ರ ಬೇಸಿಗೆಯ ಒಂದು ಸೋಮವಾರ ಹಾಡು ಮುಗಿದ ಮೇಲೆ ಅಕ್ಕಾರು ಮ್ಯೂಟ್ ತೆಗೆದರು. ಗಂಟಲಲ್ಲಿ ಗಂಟು ಬಂದಿದೆ, ಆಪರೇಷನ್ ಆಗಬೇಕು ಎಂದರು. "ಆಮ್ಯಾಲೆ ದನಿ ಇದ್ರ ಇತ್ತು, ಹೋದ್ರ ಹೋತು ಅಂದಾರ ಡಾಕ್ಟರು. ನಿಮ್ಮ ಕೂಡ ಒಂದು ಸಲಾನೂ ಬಾಯಿಬಿಟ್ಟು ಹಾಡಲಿಲ್ಲ ನೋಡ್ರಿ," ಎಂದು ನಕ್ಕರು. ಆ ನಗುವೂ ತಡವಾಗಿಯೇ ಬಂತು. ಕಾಕು ಫೋನು ಇಟ್ಟು, ಬೆಳಿಗ್ಗೆಯೇ ಒರೆಸಿದ್ದ ಅಡುಗೆಕಟ್ಟೆಯನ್ನು ಮತ್ತೆ ಒರೆಸಿದಳು.

ಮರುದಿನ ಚಹಾ ಕುಡಿಯುವಾಗ ಕಾಕುವಿನ ಘೋಷಣೆ ಹೊರಟಿತು. ಒಂದು ಕ್ಯಾಂಪರ್ ಬಾಡಿಗೆಗೆ ತೆಗೆದುಕೊಳ್ಳುವುದು! ಅದೇ, ಒಳಗೆ ಒಲೆ, ಹಾಸಿಗೆ ಎಲ್ಲ ಇರುವ ಗಾಡಿ. ಮೊದಲು ಹಂಟ್ಸ್‌ವಿಲ್‌ಗೆ ಹೋಗಿ, ಆಪರೇಷನ್ನಿಗೆ ಮುಂಚೆ ಅಕ್ಕಾರ ಜೊತೆ ಹಾಡುವುದು. ಅವರು ಗುಣವಾದ ಮೇಲೆ ಅವರನ್ನೂ ಹತ್ತಿಸಿಕೊಂಡು ವಿನ್ನಿಪೆಗ್, ಅಲ್ಲಿಯವರನ್ನು ಹತ್ತಿಸಿಕೊಂಡು ರಿಜೈನಾ, ಕೊನೆಗೆ ಕ್ಯಾಲ್ಗರಿ ಮುಟ್ಟುವಷ್ಟರಲ್ಲಿ ಇಡೀ ಮಂಡಳಿ ಒಂದೇ ಗಾಡಿಯಲ್ಲಿ.

ಕಾಕಾ ಹೆಚ್ಚು ಮಾತಾಡುವವರಲ್ಲ. ಬಿಸ್ಕೀಟನ್ನು ಚಹಾದಲ್ಲಿ ಅದ್ದಿಕೊಂಡೇ ಕೇಳಿದರು, "ಎಡಕ್ಕ ಹೊಳ್ಳಲಾರದ ಕ್ಯಾಲ್ಗರಿಗೆ ಹೆಂಗ ಹೋಗ್ತೀ?"

"ಬಲಕ್ಕ ಮೂರು ಸಲ ಹೊಳ್ಳಿದ್ರ ಎಡಕ್ಕ ಹೊಳ್ಳಿದಂಗ ಆಗ್ತದ್ರೀ."

"ಹಂಗ ಹೋದ್ರ ನೀ ಮುಟ್ಟೂದ್ರಾಗ ಅವರೆಲ್ಲಾ ಮುದುಕ್ಯಾರಾಗಿರ್ತಾರ."

"ಈಗೇನು ಹುಡುಗ್ಯಾರಿದ್ದಾರೇನ್ರೀ?"

ಬಿಸ್ಕೀಟು ಚಹಾದಲ್ಲಿ ಮುರಿದು ಬಿತ್ತು. ಕಾಕಾ ಚಮಚ ಹುಡುಕಲು ಎದ್ದುಹೋದರು.

ಪರಿಚಯದ ಪಂಜಾಬಿ ಅಂಕಲ್ ಒಬ್ಬರ ಬಳಿ ಹಳೆಯ ಕ್ಯಾಂಪರ್ ಇತ್ತು. ನೋಡಲು ಹೋದೆವು. ಕಾಕು ಹೆಣ್ಣು ನೋಡುವ ಶಾಸ್ತ್ರದವರಂತೆ ಅದರ ಸುತ್ತ ಬಂದಳು, ಚಕ್ರ ತಟ್ಟಿದಳು, ಹಾಸಿಗೆ ಒತ್ತಿದಳು. ಒಲೆ ನೋಡಿ ಮುಖ ಅರಳಿತು. ಒಲೆಯ ಪಕ್ಕದ ಸಣ್ಣ ಬಾಗಿಲು ತೆರೆದಳು. ಟಾಯ್ಲೆಟ್ಟು! ಜೋಳದ ಭಕ್ಕರಿ ಬಡಿಯುತ್ತಲೇ ಕೈಚಾಚಿ ಫ್ಲಶ್ ಮಾಡಬಹುದಾದಷ್ಟು ಹತ್ತಿರ. ಕಾಕು ಬಾಗಿಲು ಮುಚ್ಚಿದಳು. ದೇವರ ಮನೆಯಿಂದ ಮೂರು ಕೋಣೆ ಆಚೆಗೆ ಬಚ್ಚಲು ಇರಬೇಕು ಎನ್ನುವ ಹೆಂಗಸು! ವ್ಯವಹಾರ ಇಲ್ಲಿಗೇ ಮುಗಿಯಿತು ಅಂದುಕೊಂಡೆ.

"ಪರವಾಗಿಲ್ಲ, ನಡುವ ಒಂದು ಪಡದೆ ಹಾಕೋಣು," ಎಂದಳು ಕಾಕು.

ನನಗೆ ಆಗ ಗಾಬರಿಯಾಯಿತು. ಮಡಿಯನ್ನೇ ಪರದೆಯ ಹಿಂದೆ ಸರಿಸಿದಳೆಂದರೆ ಇದು ಹುಡುಗಾಟವಲ್ಲ. ಮುಂದಿನ ಶನಿವಾರಕ್ಕೆ ಗಾಡಿ ಬಾಡಿಗೆಗೆ ಗೊತ್ತಾಯಿತು. ಓಡಿಸುವುದು ಕಾಕಾ. ಕಾಕು ಪರದೆಗೆ ಹಳೆಯ ಇಳಕಲ್ ಸೀರೆ ಕತ್ತರಿಸಿ ಹೊಲಿದಳು, ಚಟ್ನಿಪುಡಿ ಕುಟ್ಟಿದಳು. ದಿನಾ ಒಮ್ಮೆ ಅಕ್ಕಾರಿಗೆ ಫೋನು ಮಾಡಿ, "ಮಾತಾಡಬ್ಯಾಡ್ರಿ, ದನಿ ಇಟ್ಕೋರಿ, ಶನಿವಾರಕ್ಕ ಬೇಕಾಗ್ತದ," ಎಂದು ತಾನೇ ಮಾತಾಡಿ ಇಡುತ್ತಿದ್ದಳು.

ಗುರುವಾರ ಬೆಳಿಗ್ಗೆ ಅಕ್ಕಾರ ಯಜಮಾನರ ಫೋನು ಬಂತು. ಯಾರದೋ ಆಪರೇಷನ್ ರದ್ದಾಗಿ, ಇವರನ್ನು ಇಂದೇ ನ್ಯೂಮಾರ್ಕೆಟ್ಟಿನ ಆಸ್ಪತ್ರೆಗೆ ಕರೆಸಿದ್ದಾರೆ. ಬಂದು ಕೂತಿದ್ದೇವೆ, ಯಾವಾಗ ಒಳಗೆ ಕರೆಯುತ್ತಾರೋ ಗೊತ್ತಿಲ್ಲ ಎಂದರು.

ಕಾಕಾ ಬೆಳಗಿನ ಶಿಫ್ಟಿಗೆ ಹೋಗಿದ್ದರು. ನನ್ನ ಬಳಿ ಬಸ್ ಕಾರ್ಡ್ ಬಿಟ್ಟರೆ ಬೇರೆ ಲೈಸೆನ್ಸ್ ಇಲ್ಲ. ಬಸ್ಸು, ಟ್ಯಾಕ್ಸಿ ಎಂದು ನಾನು ಫೋನಿನಲ್ಲಿ ಹುಡುಕುವಷ್ಟರಲ್ಲಿ ಕಾಕು ಚಪ್ಪಲಿ ಹಾಕಿಕೊಂಡು ಕಾರಿನಲ್ಲಿ ಕೂತಾಗಿತ್ತು.

ಯಂಗ್ ಸ್ಟ್ರೀಟಿನಲ್ಲಿ ಉತ್ತರಕ್ಕೆ ನೆಟ್ಟಗೆ ಹೋದೆವು. ಕೆಂಪು ದೀಪ ಬಿದ್ದಾಗಲೆಲ್ಲ ಕಾಕು ಸ್ಟೀರಿಂಗನ್ನು ಬಿಗಿಯಾಗಿ ಹಿಡಿಯುತ್ತಿದ್ದಳು, ನಾನು ಕಾಲಡಿ ಇಲ್ಲದ ಬ್ರೇಕನ್ನು ತುಳಿಯುತ್ತಿದ್ದೆ. ನ್ಯೂಮಾರ್ಕೆಟ್ಟಿನಲ್ಲಿ ಬಲಕ್ಕೆ ತಿರುಗಿದೆವು. ಬಲ! ಉಸಿರು ಬಿಟ್ಟೆ. ಸ್ವಲ್ಪ ಮುಂದೆ ಆಸ್ಪತ್ರೆ ಕಾಣಿಸಿತು. ಎಡಗಡೆ.

"ಮುಂದ ಹೋಗಿ ಸುತ್ತು ಹಾಕ್ಕೊಂಡು ಬರೋಣು," ಎಂದಳು ಕಾಕು. ಅಷ್ಟರಲ್ಲಿ ಮತ್ತೆ ಯಜಮಾನರ ಫೋನು. ಸ್ಪೀಕರ್ ಹಾಕಿದೆ. "ಕರೀಲಿಕ್ಕೆ ಬಂದಾರ್ರಿ. ಐದು ನಿಮಿಷ ಕೇಳ್ಕೊಂಡೀನಿ. ಎಲ್ಲಿದ್ದೀರಿ?"

ಕಾಕು ಎಡಗಡೆಯ ಇಂಡಿಕೇಟರ್ ಹಾಕಿದಳು. ಟಿಕ್, ಟಿಕ್, ಟಿಕ್. ಎದುರಿನಿಂದ ಸಾಲುಗಟ್ಟಿ ಕಾರುಗಳು. ಹಿಂದಿನವ ಹಾರ್ನು ಹೊಡೆದ. ಸಿಗ್ನಲ್ ಹಳದಿಯಾಯಿತು. ನಾನು ಕಣ್ಣು ಮುಚ್ಚಿ, ಗೊತ್ತಿರುವ ದೇವರನ್ನೆಲ್ಲ ಕರೆದೆ. ಕಣ್ಣು ಬಿಟ್ಟಾಗ ಆಸ್ಪತ್ರೆಯ ಬಾಗಿಲ ಮುಂದಿದ್ದೆವು. ಕಾಕುವಿನ ಮುಖ ಬೆವರಿನಿಂದ ತೊಯ್ದುಹೋಗಿತ್ತು.

ಅಕ್ಕಾರು ಆಸ್ಪತ್ರೆಯ ನೀಲಿ ಗೌನು ತೊಟ್ಟು ಮಂಚದ ಮೇಲೆ ಕೂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಮೇಲಿನಿಂದ ಕೆಳಗೆ ನೋಡಿದರು.

"ನೀವು ಇಷ್ಟು ಗಿಡ್ಡ ಇದ್ದೀರೇನ್ರಿ ಅಕ್ಕಾರ?"

"ನೀ ಇಷ್ಟು ದಪ್ಪ ಇದ್ದೀಯೇನ ತಂಗೀ?"

ನಗುವುದಕ್ಕೂ ಹೊತ್ತಿರಲಿಲ್ಲ. ಕಾಕು ಹಾಡು ಎತ್ತಿದಳು. ಒಂದು ಸಾಲು ಹಾಡಿ ನಿಲ್ಲಿಸಿದಳು. ಅಕ್ಕಾರೂ ಸುಮ್ಮನಿದ್ದರು. ಕಾಕು ಅವರಿಗಾಗಿ ಕಾಯುತ್ತಿದ್ದಾಳೆ, ಅವರು ಕಾಕುವಿಗಾಗಿ! ಒಬ್ಬರು ಹಾಡಿದರೆ ಇನ್ನೊಬ್ಬರು ಬಾಯಾಡಿಸಿ ಅಭ್ಯಾಸವಾಗಿಬಿಟ್ಟಿತ್ತು. ನರ್ಸು ಬಾಗಿಲಲ್ಲಿ ನಿಂತು ಗಡಿಯಾರ ನೋಡಿದಳು. ಆಗ ಅಕ್ಕಾರು ಕಾಕುವಿನ ಕೈ ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡು, ಅಂಗೈಯಲ್ಲಿ ಬೆರಳಿನಿಂದ ತಾಳ ಬಡಿಯತೊಡಗಿದರು. ಇಬ್ಬರೂ ಒಟ್ಟಿಗೆ ಹಾಡಿದರು. ಅಕ್ಕಾರದು ಸ್ವಲ್ಪ ಒಡಕು ದನಿ, ತುಂಬ ಇಂಪು. ತಾಳ ಎಲ್ಲಿಯೂ ತಪ್ಪಲಿಲ್ಲ. ಹಾಡು ಪೂರ್ತಿ ಮುಗಿಯುವವರೆಗೆ ನರ್ಸು ಬಾಗಿಲಲ್ಲೇ ನಿಂತಿದ್ದಳು.

ಗಂಟು ಹೋಯಿತು. ಜೀವಕ್ಕೆ ಅಪಾಯವಿಲ್ಲ. ದನಿ ಮಾತ್ರ ಪಿಸುಮಾತಿನಷ್ಟು ಉಳಿಯಿತು, ಹಾಡುವಂತಿಲ್ಲ. ಕಾಕು ಮರುದಿನದಿಂದ ಹಾಲಿನ ಅಂಗಡಿಗೆ ಮತ್ತೆ ಪ್ರದಕ್ಷಿಣೆ ಶುರು ಮಾಡಿದಳು. ಕ್ಯಾಂಪರ್ "ಮುಂದಿನ ಬ್ಯಾಸಗಿಗೆ" ಹೋಯಿತು, ಪರದೆ ಕಪಾಟಿನಲ್ಲಿ ಮಡಚಿ ಕೂತಿದೆ.

ಸೋಮವಾರದ ಭಜನೆ ಮಾತ್ರ ಬದಲಾಗಿದೆ. ಅಕ್ಕಾರು ಹಂಟ್ಸ್‌ವಿಲ್ಲಿನ ಅಡುಗೆಮನೆಯಲ್ಲಿ ಕೂತು ಸ್ಟೀಲಿನ ತಾಟಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾರೆ. ಅವರನ್ನು ಮ್ಯೂಟ್ ಮಾಡಕೂಡದು ಎಂದು ಕಾಕುವಿನ ಅಪ್ಪಣೆ. ಆ ಪೆಟ್ಟು ಇಲ್ಲಿಗೆ ತಡವಾಗಿ ಮುಟ್ಟುತ್ತದೆ. ಕಾಕು ಒಂದು ಸಾಲು ಹಾಡಿ ಕಾಯುತ್ತಾಳೆ. ಪೆಟ್ಟು ಬಿದ್ದ ಮೇಲೆಯೇ ಮುಂದಿನ ಸಾಲು. ಹಾಲು ಕಾಯುವುದರೊಳಗೆ ಮುಗಿಯುತ್ತಿದ್ದ ಹಾಡು ಈಗ ಕುಕ್ಕರ್ ಕೂಗಿದರೂ ಮುಗಿಯುವುದಿಲ್ಲ.

"ಕಾಕು, ಹಾಡು ಭಾಳ ಸಾವಕಾಶ ಆತಲ್ಲ," ಎಂದೆ ಒಂದು ಸಲ.

ಕಾಕು ಫೋನಿನಲ್ಲಿ ಕಾಣುವ ಅಕ್ಕಾರ ಬೆರಳಿನಿಂದ ಕಣ್ಣು ಕೀಳಲಿಲ್ಲ.

"ಅಕ್ಕಾರು ಹಂಟ್ಸ್‌ವಿಲ್‌ದಿಂದ ಬರಬೇಕಲ್ಲವಾ? ದಾರ್ಯಾಗ ತಡಾ ಆಗ್ತದ. ಬರಲಿ, ನಿಂದರೋಣು."