ಪೈಲಟ್‌ನ ತವರುಮನೆ

ಕೆಲವರಿಗೆ ಎಲೆ-ಅಡಿಕೆ ಚಟ, ಕೆಲವರಿಗೆ ಇಸ್ಪೀಟು. ನನಗೆ ಇಂಗ್ಲಿಷ್ ಪದಗಳ ಅಪ್ಪ, ಅಜ್ಜ, ಮುತ್ತಜ್ಜರನ್ನು ಹುಡುಕುವ ಚಟ. ಹರಪನಹಳ್ಳಿಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವನು ನಿವೃತ್ತನಾದ ಮೇಲೆ ಇನ್ನೇನು ಮಾಡಬೇಕು, ಹೇಳಿ? ಹುಡುಕಿದ್ದನ್ನು ಕಂಡಕಂಡವರಿಗೆ ಹೇಳುವುದೂ ನನ್ನ ಚಟವೇ. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು, ಹಡಗಲಿಗೆ ಹೊರಟವರು ಗಾಬರಿಯಲ್ಲಿ ಕೊಟ್ಟೂರು ಬಸ್ ಹತ್ತಿದ್ದುಂಟು.

ಹೋದ ವರ್ಷ ನನ್ನ ಹೆಂಡತಿ ಗಂಗವ್ವ ಹಾಸಿಗೆ ಹಿಡಿದಿದ್ದಳು. ಅಂಗಳದ ಮಂಚದಲ್ಲಿ ಮಲಗಿ, ಮೇಲೆ ಹೋಗುತ್ತಿದ್ದ ವಿಮಾನ ನೋಡಿ ಕೇಳಿದಳು: "ಏನ್ರಿ, ಅದನ್ನ ನಡಸೋನಿಗೆ ಪೈಲಟ್ ಅಂತ ಯಾಕಂತಾರ? ಆ ಮಾತು ಎಲ್ಲಿಂದ ಬಂತು?" ಆಕೆ ತಾನಾಗಿ ಕೇಳಿದ್ದು ಅದೇ ಮೊದಲು. ನನಗೋ ಗೊತ್ತೇ ಇರಲಿಲ್ಲ! "ನೋಡಿ ಹೇಳ್ತೀನಿ ತಡಿ" ಅಂದೆ. ಆಸ್ಪತ್ರೆಯ ಓಡಾಟದಲ್ಲಿ ಆಗಲಿಲ್ಲ. ಆಕೆ ಹೋಗಿಬಿಟ್ಟಳು. ಆಮೇಲೆ ನಿಘಂಟು ಮುಟ್ಟುವ ಮನಸ್ಸೂ ಬರಲಿಲ್ಲ.

ಗಂಗವ್ವ ಹಲವಾಗಲಿನ ಅಂಬಿಗನ ಮಗಳು. ಅಪ್ಪ ತುಂಗಭದ್ರೆಯಲ್ಲಿ ದೋಣಿ ನಡೆಸುತ್ತಿದ್ದ ಹುಟ್ಟನ್ನು ತಂದು ನಮ್ಮ ಪಡಸಾಲೆಯಲ್ಲಿ ನಿಲ್ಲಿಸಿಕೊಂಡಿದ್ದಳು. ಆಯುಧಪೂಜೆಗೆ ಊರವರೆಲ್ಲ ಬೈಕು, ಟ್ರ್ಯಾಕ್ಟರ್ ತೊಳೆದರೆ ಈಕೆ ಹುಟ್ಟನ್ನು ತೊಳೆದು, ಕುಂಕುಮ ಹಚ್ಚಿ, ಹಡಗಲಿ ಮಲ್ಲಿಗೆ ಮುಡಿಸುತ್ತಿದ್ದಳು. ಈ ಸಲ ನಾನೇ ಮಾಡಿದೆ. ಹಬ್ಬಕ್ಕೆ ಬಂದ ಆಕೆಯ ತಮ್ಮ ಭರಮಪ್ಪ ನೋಡಿದವನೇ, "ಅಯ್ಯ ಮಾವಾ, ಹಿಡಿಕಿಗೆ ಯಾಕ ಕುಂಕುಮ ಹಚ್ಚೀರಿ? ನೀರಿಗೆ ಇಳಿಯೋ ಕಡಿ ಹಚ್ಚಬೇಕ್ರಿ. ಹಿಡಿಕಿ ಅಪ್ಪನ ಕೈ ಜಾಗ. ಅಕ್ಕ ಅದನ್ನ ಹಂಗಽ ಬಿಡತಿದ್ಲು" ಎಂದು ಒರೆಸಿದ.

ಊಟ ಮುಗಿಸಿ ಅವನು ಊರಿಗೆ ಹೋದ. ಮನೆ ಬಿಕೋ ಎಂದಿತು. ಬೇಸರ ತಡೆಯಲಾರದೆ ನಿಘಂಟು ತೆಗೆದೆ. ಪೈಲಟ್ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ, ಅಲ್ಲಿಗೆ ಇಟಲಿಯಿಂದ. ಇನ್ನೂ ಹಿಂದೆ ಹೋದರೆ ಗ್ರೀಕಿನ ಒಂದು ಪದ. ಅರ್ಥ, ದೋಣಿಯ ಹುಟ್ಟು! ಆಕಾಶದಲ್ಲಿ ಹಾರುವವನ ಮುತ್ತಜ್ಜ ಅಂಬಿಗ. ಎಲಾ ಇವಳಾ! ತನ್ನ ತವರಿನ ಸುದ್ದಿಯನ್ನೇ ನನ್ನ ಕೇಳಿದ್ದಳಲ್ಲ!

ಹುಟ್ಟಿನ ಮುಂದೆ ಕೂತು ಎಲ್ಲ ಹೇಳಿದೆ, ಪಾಠದ ದನಿಯಲ್ಲೇ. ಮೊದಲಾದರೆ ನಾನು ಗ್ರೀಸ್ ಮುಟ್ಟುವ ಮುಂಚೆಯೇ, "ಸಾಕು ಬಿಡ್ರಿ, ಒಲಿ ಮ್ಯಾಲೆ ಹಾಲೈತಿ" ಅಂತ ಗಂಗವ್ವ ಎದ್ದುಹೋಗುತ್ತಿದ್ದಳು. ಈಗ ತಡೆಯುವವರಿಲ್ಲ, ಪಾಠ ಪೂರ್ತಿ ಮುಗಿಯಿತು. ಕೂತಲ್ಲೇ ಗಳಗಳನೆ ಅತ್ತೆ. ನನ್ನ ಪಾಠ ಕೇಳಿ ಅತ್ತವರು ಹಿಂದೆಯೂ ಇದ್ದರು. ಈ ಸಲ ಮೇಷ್ಟ್ರ ಸರದಿ.